ತೊಂಬತ್ತಾರು ಫ್ರೇಮಿನ ಆವರ್ತನ: ಮಕ್ಕಳ ಹಾಡುಚಿತ್ರ ಮಾಡಿದ ನನ್ನ ಅನುಭವ

ಇಪ್ಪತ್ತೆರಡು ನಿಮಿಷದ ಆನಿಮೇಶನ್ ಚಿತ್ರ, ಐದು ಹಾಡು, ಮೂರು ಜನ, ಆರೂವರೆ ಲಕ್ಷ ರೂಪಾಯಿ. ಈ ಲೆಕ್ಕ ಹೇಳಿದಾಗ ನಗದೇ ಇದ್ದವರು ಬಹಳ ಕಡಿಮೆ. ಬೆಂಗಳೂರಿನ ಒಂದು ಸ್ಟುಡಿಯೋದವರು ಸೆಕೆಂಡಿಗೆ ಐದು ಸಾವಿರದ ಆಸುಪಾಸು ಕೋಟ್ ಕೊಟ್ಟಿದ್ದರು. ಗುಣಿಸಿ ನೋಡಿ, ಅರವತ್ತು ಲಕ್ಷ ದಾಟುತ್ತದೆ. ಅಲ್ಲೇ ಕೆಲಸ ಮಾಡುವ ನನ್ನ ಹಳೇ ಗೆಳೆಯನಂತೂ ಫೋನಿನಲ್ಲಿ, 'ನೀ ಮದುವಿ ಇನ್ವಿಟೇಶನ್ ವಿಡಿಯೋನ ಮಾಡ್ಕೊಂಡಿರಪಾ, ಹೊಟ್ಟೀಗೆ ಅದು ಸಾಕು' ಅಂದ. ಈಗ ಚಿತ್ರ ಮುಗಿದು ಶಾಲೆಗಳಲ್ಲಿ ಓಡುತ್ತಿದೆ. ಅದೇ ಗೆಳೆಯ ಮೊನ್ನೆ ಫೋನ್ ಮಾಡಿ ಫೈಲ್ ಕೇಳಿದ. ಫೈಲ್ ಕೊಟ್ಟಿಲ್ಲ. ಮಾಡಿದ ಬಗೆಯನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ, ಬ್ಲೆಂಡರ್ ಎಂಬ ಆನಿಮೇಶನ್ ತಂತ್ರಾಂಶ, ಅದರಲ್ಲಿ ಕೈಚಿತ್ರ ಬರೆಯುವ ಗ್ರೀಸ್ ಪೆನ್ಸಿಲ್, ಚಿತ್ರದ ಕಚ್ಚಾ ಜೋಡಣೆಯಾದ ಆನಿಮ್ಯಾಟಿಕ್ ಅಂದರೆ ಏನೆಂದು ಗೊತ್ತಿರುವವರಿಗೆ.

ಕಥೆ ಪಟ್ಟೆತಲೆ ಹೆಬ್ಬಾತುಗಳದ್ದು. ನಾನಿರುವುದು ಹುಬ್ಬಳ್ಳಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಈ ಹಕ್ಕಿಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಹಗಲೆಲ್ಲ ನೀರಿನಲ್ಲಿದ್ದು ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಮಕ್ಕಳಿಗೆ ಗೆಳೆತನ, ಮುಂದಾಳುತನ ಅಂತ ಪಾಠ ಹೇಳಲು ಹೊರಟರೆ ಎರಡು ನಿಮಿಷಕ್ಕೆ ಆಕಳಿಸುತ್ತಾರೆ. ಈ ಹಕ್ಕಿಗಳು ಹಾರುವಾಗ ಮಾತ್ರ ಅದು ತಾನಾಗಿ ಕಣ್ಣಿಗೆ ಕಾಣುತ್ತದೆ. ಮುಂದಿರುವುದಕ್ಕೆ ಗಾಳಿ ಸೀಳುವ ಕೆಲಸ. ಹಿಂದಿನವುಗಳಿಗೆ ಮುಂದಿನ ಹಕ್ಕಿಯ ರೆಕ್ಕೆತುದಿಯಿಂದ ಏಳುವ ಗಾಳಿಯ ಆಸರೆ. ಮುಂದಿನದು ದಣಿದರೆ ಹಿಂದಕ್ಕೆ ಸರಿಯುತ್ತದೆ, ಇನ್ನೊಂದು ಮುಂದೆ ಬರುತ್ತದೆ. ನಮ್ಮ ಕೊಂಯ್ಯಾ ಎಂಬ ಮರಿಗೆ ಯಾವಾಗಲೂ ತಾನೇ ಮುಂದಿರಬೇಕು ಎಂಬ ಹಟ. ಅವನ ಗೆಳತಿ ಸಾವಿ ರೆಕ್ಕೆ ನಿಧಾನದವಳು, ಸಾಲಿನ ಬಾಲದಲ್ಲೇ ಉಳಿಯುವವಳು. ಕಥೆ ಇಷ್ಟೇ.

ಹಕ್ಕಿಯನ್ನು ಆರಿಸಿದ್ದಕ್ಕೆ ಒಳಗಿನ ಕಾರಣ ಬೇರೆ, ದುಡ್ಡು. ಹೆಬ್ಬಾತಿಗೆ ಬಟ್ಟೆ ಇಲ್ಲ, ಬೆರಳಿಲ್ಲ, ತುಟಿ ಇಲ್ಲ, ಕೂದಲು ಹಾರುವ ಗೋಳಿಲ್ಲ. ಒಂದನ್ನು ಸರಿಯಾಗಿ ಬರೆದರೆ ಹದಿನೈದನ್ನು ಕಾಪಿ ಮಾಡಬಹುದು. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳ ದಪ್ಪ ಸ್ವಲ್ಪ ಬದಲಿಸಿದರೆ ಸಾಕು, ಮಕ್ಕಳು ಒಂದೊಂದನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಣ್ಣ ತಂಡದವರು ಹಾಡುಚಿತ್ರದಲ್ಲಿ ಸೋಲುವುದು ಚಿತ್ರ ಬರೆಯುವಲ್ಲಿ ಅಲ್ಲ, ಹೊಂದಿಸುವಲ್ಲಿ. ಹಾಡು ಒಂದು ವೇಗ, ನಡಿಗೆ ಇನ್ನೊಂದು ವೇಗ, ರೆಕ್ಕೆಬಡಿತ ಮತ್ತೊಂದು. ಪ್ರತಿ ಶಾಟಿಗೂ ಸೈಕಲ್ (ಮರುಕಳಿಸುವ ಚಲನೆಯ ಚಿತ್ರಗಳ ಸರಣಿ) ಹೊಸದಾಗಿ ಹಿಗ್ಗಿಸಿ ಕುಗ್ಗಿಸಿ ಕೂರಿಸಬೇಕು. ಕೊನೆಗೆ ಸಂಗೀತದವರು, 'ಪಲ್ಲವಿ ಇನ್ನೊಂದು ಸಲ ಬರಲಿ' ಅಂದರೆ ಅಲ್ಲಿಂದ ಮುಂದಿನದೆಲ್ಲ ಕುಸಿಯಿತು. ಇದೇ ಕಾರಣಕ್ಕೆ ನನ್ನ ಹಿಂದಿನ ಒಂದು ಪ್ರಯತ್ನ ಎಂಟು ನಿಮಿಷದಲ್ಲೇ ನಿಂತುಹೋಗಿತ್ತು. ಅದರ ಸಾಲದ ಬಡ್ಡಿ ಮಾತ್ರ ನಿಲ್ಲಲಿಲ್ಲ.

ಈ ಸಲ ಕಾಗದದ ಮೇಲೆ ಲೆಕ್ಕ ಹಾಕಿದೆ. ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. ಹಾಡಿನ ವೇಗ ನಿಮಿಷಕ್ಕೆ 120 ಮಾತ್ರೆ (ತಾಳದ ಎಣಿಕೆ) ಇದ್ದರೆ ಒಂದು ಮಾತ್ರೆಗೆ 12 ಫ್ರೇಮ್. ಕೆಹರವಾ ತಾಳ ಎಂಟು ಮಾತ್ರೆ, ಅಂದರೆ ಒಂದು ಆವರ್ತನಕ್ಕೆ, ತಾಳದ ಒಂದು ಸುತ್ತಿಗೆ, 96. ವೇಗ 90 ಇದ್ದರೆ ಮಾತ್ರೆಗೆ 16 ಫ್ರೇಮ್. ದಾದರಾ ತಾಳ ಆರು ಮಾತ್ರೆ, ಮತ್ತೆ 96! ವೇಗ 60ಕ್ಕೆ ಇಳಿಸಿದರೆ ಮಾತ್ರೆಗೆ 24, ನಾಲ್ಕು ಮಾತ್ರೆಯ ಜೋಗುಳ, ಅದೂ 96. ಮೂರೂ ಸರಿಯಾಗಿ ನಾಲ್ಕು ಸೆಕೆಂಡ್. ಕುಣಿಯುವ ಹಾಡು, ತೂಗುವ ಹಾಡು, ಮಲಗಿಸುವ ಹಾಡು, ಎಲ್ಲದರ ಇಟ್ಟಿಗೆಯ ಅಳತೆ ಒಂದೇ. ಇಪ್ಪತ್ತೆರಡು ನಿಮಿಷ ಅಂದರೆ 330 ಆವರ್ತನ. ಸ್ಟೋರಿಬೋರ್ಡನ್ನೂ ಹಾಗೇ ಮಾಡಿದೆ, ಒಂದು ಆವರ್ತನಕ್ಕೆ ಒಂದು ಹಾಳೆ. ಹಾಳೆಯ ಮೇಲ್ತುದಿಯಲ್ಲಿ ಮಾತ್ರೆಯ ಗೆರೆ, ಕೆಳಗೆ ಚಿತ್ರ. 330 ಹಾಳೆಗಳನ್ನು ಗೋಡೆಗೆ ಅಂಟಿಸಿದರೆ ಚಿತ್ರದ ಉದ್ದ ಕಣ್ಣೆದುರಿಗಿರುತ್ತದೆ. ಹಾಳೆ ಕಿತ್ತು ಇನ್ನೊಂದು ಕಡೆ ಅಂಟಿಸಿದರೆ ಎಡಿಟಿಂಗ್ ಮುಗಿಯಿತು.

ನಂಬದವರಲ್ಲಿ ಮೊದಲಿಗರು ನಮ್ಮ ಹಾರ್ಮೋನಿಯಂ ಮಾಸ್ತರರೇ. ಧಾರವಾಡದ ಕಡೆಯವರು, ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರುವ ಮುಂಚೆ ಒಂದಿಷ್ಟು ಎಳೆದು ಆಟವಾಡಿಸಿ ಬಿಡುವುದು ಅವರ ಕೈಗುಣ.

'ಅಲ್ಲೋ ತಮ್ಮಾ, ಹಾಡಿಗೆ ಉಸಿರು ಬ್ಯಾಡೇನು? ಕೊಳ್ಳಾಗ ಗಡಿಯಾರ ಕಟ್ಟಿ ಹಾಡಸ್ತಿಯೇನು?'

'ಉಸಿರು ನೀವು ತುಂಬ್ರಿ ಮಾಸ್ತರ. ಗಡಿಯಾರ ನಾ ನೋಡ್ಕೋತೀನ್ರಿ.'

ಒಂದು ವಾರ ಮುನಿಸಿಕೊಂಡಿದ್ದರು. ಆಮೇಲೆ ಅವರೇ ದಾರಿ ಕಂಡುಕೊಂಡರು. ತಾಳ ಗಟ್ಟಿ ಇರಲಿ, ಎಳೆದಾಟವೆಲ್ಲ ದನಿಯಲ್ಲಿರಲಿ. ತಬಲಾ ಕ್ಲಿಕ್ಕಿಗೆ (ಮಾತ್ರೆ ಎಣಿಸುವ ಟಿಕ್ ಟಿಕ್ ಸದ್ದಿಗೆ) ಅಂಟಿಕೊಂಡೇ ಹೋಗುತ್ತದೆ, ಹಾಡುವವರು ಅದರ ಮೇಲೆ ಸ್ವಲ್ಪ ಹಿಂದೆ ಮುಂದೆ ಆಡುತ್ತಾರೆ. ಒಂದೇ ಬೋಲು, ಅಂದರೆ ತಬಲಾದ ನುಡಿ, ಮೂರು ಸಲ ಬಂದು ಸಮ್ಮಿಗೆ ಮುಗಿಯುವ ತಿಹಾಯಿಯ ಉಪಯೋಗವನ್ನೂ ತೋರಿಸಿದವರು ಅವರೇ. ಕೊಂಯ್ಯಾ ನೀರಿನಿಂದ ಎದ್ದು ಎಲ್ಲರಿಗಿಂತ ಮುಂದೆ ನುಗ್ಗಲು ಮೂರು ಸಲ ನೋಡುತ್ತಾನೆ. ಮೂರು ಸಲವೂ ಅದೇ ಬೋಲು, ಅದೇ ಜಿಗಿತ. ಮೂರನೆಯದು ಸಮ್ಮಿಗೆ ಬಿದ್ದಾಗ ಇವನು ಮೂತಿ ಅಡಿಯಾಗಿ ಕೆಸರಿಗೆ ಬೀಳುತ್ತಾನೆ. ಶಾಲೆಯಲ್ಲಿ ತೋರಿಸುವಾಗ ಎರಡನೆಯ ಜಿಗಿತಕ್ಕೇ ಮಕ್ಕಳು ನಗಲು ತಯಾರಾಗಿ ಕೂತಿರುತ್ತಾರೆ. ತಾಳ ಕಲಿಯದ ಮಕ್ಕಳಿಗೂ ತಿಹಾಯಿ ಎಲ್ಲಿ ಬೀಳುತ್ತದೆ ಎಂದು ಹೊಟ್ಟೆಯೊಳಗೆ ಗೊತ್ತಿರುತ್ತದೆ.

ರೆಕ್ಕೆಬಡಿತದ ಬಗ್ಗೆ ಬರೆಯಲೇಬೇಕು. ಈ ಹಕ್ಕಿ ನಿಜವಾಗಿ ಸೆಕೆಂಡಿಗೆ ಸುಮಾರು ನಾಲ್ಕು ಸಲ ರೆಕ್ಕೆ ಬಡಿಯುತ್ತದೆ. ಅಂದರೆ ಬಡಿತಕ್ಕೆ 6 ಫ್ರೇಮ್. ನಾವು ಟೂಸ್‌ನಲ್ಲಿ ಬರೆಯುವವರು, ಅಂದರೆ ಎರಡು ಫ್ರೇಮಿಗೆ ಒಂದು ಚಿತ್ರ, ಮೂರೇ ಚಿತ್ರ ಸಿಗುತ್ತವೆ. ಹಾಕಿ ನೋಡಿದರೆ ಹೆಬ್ಬಾತು ಹಾರಲಿಲ್ಲ, ನಡುಗಿತು. ನಿಜವನ್ನು ಬದಿಗಿಟ್ಟು ಅರ್ಧಕ್ಕೆ ಇಳಿಸಿದೆವು: 12 ಫ್ರೇಮ್, ಆರು ಚಿತ್ರ, ಕೆಹರವಾದಲ್ಲಿ ಮಾತ್ರೆಗೊಂದು ಬಡಿತ. ದಾದರಾಕ್ಕೆ ಅದೇ ಆರು ಚಿತ್ರಗಳ ಜೊತೆ ತೇಲುವ ಎರಡು ಚಿತ್ರ ಸೇರಿಸಿದರೆ 16 ಫ್ರೇಮ್. ಜೋಗುಳಕ್ಕೆ ತೇಲುವ ಚಿತ್ರ ಆರು, 24 ಫ್ರೇಮ್. ಒಂದೇ ರೆಕ್ಕೆ ಇಡೀ ಚಿತ್ರವನ್ನು ಹೊತ್ತಿತು. ಆ ಆರು ಚಿತ್ರಗಳಿಗೆ ನಾನು ಹೆಚ್ಚುಕಡಿಮೆ ಒಂದು ತಿಂಗಳು ಕೊಟ್ಟಿದ್ದೇನೆ, ಆ ಕೆಲಸದ ಬಗ್ಗೆ ಹೆಮ್ಮೆಯೂ ಇದೆ. ಕೆಳಗೆ ಬರುವಾಗ ರೆಕ್ಕೆತುದಿಯ ಗರಿಗಳು ಒಂದು ಚಿತ್ರ ತಡವಾಗಿ ಬರುತ್ತವೆ. ಜೀವ ಇರುವುದು ಆ ತಡದಲ್ಲೇ.

ಇನ್ನೊಂದು ತೊಂದರೆ ಸಾಲಿನದ್ದು. ಹದಿನೈದು ಹಕ್ಕಿಗಳೂ ಒಟ್ಟಿಗೆ ರೆಕ್ಕೆ ಎತ್ತಿ ಒಟ್ಟಿಗೆ ಇಳಿಸಿದರೆ ಗಣರಾಜ್ಯೋತ್ಸವದ ಪರೇಡ್ ಆಗುತ್ತದೆ. ಮುಂದಿನ ಹಕ್ಕಿಯನ್ನು ಮಾತ್ರ ಮಾತ್ರೆಗೆ ಸರಿಯಾಗಿ ಕೂರಿಸಿ, ಹಿಂದಿನದನ್ನು ಎರಡು ಫ್ರೇಮ್ ತಡ, ಅದರ ಹಿಂದಿನದನ್ನು ಇನ್ನೆರಡು ತಡ, ಹೀಗೆ ಬಿಟ್ಟೆವು. ಆರು ಚಿತ್ರದ ಸೈಕಲ್ಲು, ಏಳನೆಯ ಹಕ್ಕಿ ಮತ್ತೆ ಮೊದಲಿನದರ ಜೊತೆಗೇ ಬಡಿಯುತ್ತದೆ. ಯಾರಿಗೂ ಕಾಣುವುದಿಲ್ಲ. ಇದರಿಂದ ನಾವು ಯೋಚಿಸಿರದ ಒಂದು ಲಾಭ ಆಯಿತು: ತಾಳ ಯಾರ ಕೈಯಲ್ಲಿದೆಯೋ ಅವರೇ ಮುಂದಾಳು ಎಂಬುದು ಮಾತಿಲ್ಲದೆ ಕಂಡಿತು. ಬಿರುಗಾಳಿಯಲ್ಲಿ ಕೊಂಯ್ಯಾ ದಣಿದಾಗ ಅವನ ರೆಕ್ಕೆ ಮಾತ್ರೆಯಿಂದ ಜಾರುತ್ತದೆ. ಹಿಂದಿನಿಂದ ಸಾವಿ ಬಂದು ಮಾತ್ರೆ ಹಿಡಿಯುತ್ತಾಳೆ. ಅಲ್ಲಿ ಒಂದೂ ಸಂಭಾಷಣೆ ಇಲ್ಲ.

ಆ ಬಿರುಗಾಳಿಯ ಸದ್ದಿಗೆ ಜಗ್ಗಲಿಗಿ ಬೇಕೆಂದು ಹಟ ಹಿಡಿದೆ. ಎತ್ತಿನಗಾಡಿಯ ಚಕ್ರದ ಬಳೆಗೆ ತೊಗಲು ಕಟ್ಟಿದ ವಾದ್ಯ, ಹೋಳಿ ಹೊತ್ತಿಗೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಸ್ಟುಡಿಯೋ ಬಾಗಿಲಲ್ಲೇ ಅದು ತೂರಲಿಲ್ಲ. ಹೇಗೋ ಓರೆ ಮಾಡಿ ಒಳಗೆ ಒಯ್ದರೆ ಆ ಹತ್ತಡಿ ಕೋಣೆಯಲ್ಲಿ ಸದ್ದು ಬರೀ ಗುಂಯ್ ಅಂದು ಮೈಕು ಒಡೆಯಿತು, ಅಂದರೆ ಸದ್ದು ಅಳತೆ ಮೀರಿ ಕ್ಲಿಪ್ಪಾಯಿತು. ಗಂಟೆ ಲೆಕ್ಕದ ಬಾಡಿಗೆ, ಅರ್ಧ ದಿನ ಹೋಯಿತು. ಕೊನೆಗೆ ಒಂದು ಹತ್ತಿ ಗೋದಾಮಿನಲ್ಲಿ, ಸುತ್ತ ಅರಳೆಯ ಅಂಡಿಗೆ ಇರುವ ಮೂಲೆಯಲ್ಲಿ, ಹ್ಯಾಂಡಿ ರೆಕಾರ್ಡರನ್ನು ಎಂಟು ಹತ್ತು ಅಡಿ ದೂರ ಇಟ್ಟು ಹಿಡಿದೆವು. ಸ್ಟುಡಿಯೋದಲ್ಲಿ ಸಾವಿರಾರು ಕೊಟ್ಟರೂ ಸಿಗದ ಸದ್ದು. ಬಾರಿಸಿದವರಿಗೆ ದಕ್ಷಿಣೆ, ಊಟ, ಗಾಡಿ ಖರ್ಚು ಸೇರಿ ಆರೇಳು ಸಾವಿರ ಆಯಿತು. ಅಲ್ಲಿ ಕ್ಲಿಕ್ ಕೇಳಿಸಲು ಹೆಡ್‌ಫೋನ್ ಇರಲಿಲ್ಲ. ಒಬ್ಬ ಹುಡುಗ ಮೊಬೈಲ್ ಲೈಟನ್ನು ಮಾತ್ರೆಗೆ ಸರಿಯಾಗಿ ಆಡಿಸುತ್ತ ನಿಂತಿದ್ದ, ಅವರು ಅದನ್ನು ನೋಡಿ ಬಾರಿಸಿದರು. ಒಂದೆರಡು ಕಡೆ ಜಾರಿದೆ, ಬಿರುಗಾಳಿಯಲ್ಲವೇ, ಬಿಟ್ಟೆ.

ಮಕ್ಕಳಿಂದ ಹಾಡಿಸುವುದು ಬೇರೆಯೇ ಕಥೆ. ಮಾಸ್ತರರು ಟ್ರ್ಯಾಕು ಕಟ್ಟಿದ್ದು ದೊಡ್ಡವರ ದನಿಗೆ. ಮೇಲಿನ ಷಡ್ಜಕ್ಕೆ ಹೋದರೆ ಆರೇಳು ವರ್ಷದ ಮಕ್ಕಳು ಹಾಡುವುದಿಲ್ಲ, ಚೀರುತ್ತಾರೆ. ಶ್ರುತಿ ಬದಲಿಸಿ, ರಾಗವನ್ನು ಸಾ ಇಂದ ಧಾ ವರೆಗಿನ ಆರು ಸ್ವರದೊಳಗೆ ಕೂಡಿಸಲು ಕೇಳಿಕೊಂಡೆ. ಕ್ಲಿಕ್ ಹಾಕಿದರೆ ಮಕ್ಕಳು ಅದರ ಮುಂದೆ ಓಡುತ್ತಾರೆ. ಕ್ಲಿಕ್ ತೆಗೆದು ಬರೀ ಚಪ್ಪಾಳೆಯ ಟ್ರ್ಯಾಕು ಕೇಳಿಸಿದರೆ ಕೂಡಿ ಹಾಡುತ್ತಾರೆ. ಸಾಲುಸಾಲಾಗಿ ಹಿಡಿದು ಆಮೇಲೆ ಜೋಡಿಸಿದ್ದೇ ಹೆಚ್ಚು. ಪ್ರತಿ ಸಾಲೂ ಒಂದು ಆವರ್ತನಕ್ಕೆ ಮುಗಿಯುವಂತೆ ಕವಿ ಮೇಷ್ಟ್ರು ಬರೆದುಕೊಟ್ಟಿದ್ದರಿಂದ ಜೋಡಣೆ ಸುಲಭವಾಯಿತು. ಕೆಹರವಾಕ್ಕೆ ನಾಲ್ಕು ಮಾತ್ರೆಯ ಗಣ, ದಾದರಾಕ್ಕೆ ಮೂರು ಮಾತ್ರೆಯ ಗಣ. ಅವರು ಹಳಗನ್ನಡ ಪಾಠ ಮಾಡುವವರು, ಮಂದಾನಿಲ, ಉತ್ಸಾಹ ಅಂತ ರಗಳೆಗಳ ಹೆಸರು ಹೇಳಿ ಅರ್ಧ ಗಂಟೆಗೆ ಒಂದು ಹಾಡು ಬರೆದು ಎಸೆದರು. ಸಂಭಾವನೆ ಬೇಡ ಎಂದರು. ಶಾಲು, ಒಂದು ಪೆನ್ನು.

ತುಟಿ ಹೊಂದಿಸುವ ಕೆಲಸಕ್ಕೆ ಮೊದಲು ರೂಬಾರ್ಬ್ ಎಂಬ ತಂತ್ರಾಂಶ ಹಾಕಿ ನೋಡಿದೆ. ಸುಮ್ಮನೆ ಓಡಿಸಿದರೆ ಅದು ಎಲ್ಲವನ್ನೂ ಇಂಗ್ಲಿಷ್ ಎಂದುಕೊಂಡು ಕೊಕ್ಕನ್ನು ಹುಚ್ಚಾಪಟ್ಟೆ ಆಡಿಸುತ್ತದೆ. ಬರೀ ಉಚ್ಚಾರ ನೋಡುವ ಫೋನೆಟಿಕ್ ಆಯ್ಕೆ ಹಾಕಿದರೆ ಮಾತಿಗೆ ಪರವಾಗಿಲ್ಲ, ಹಾಡಿಗೆ ಮತ್ತೆ ಸೋಲು, ಎಳೆದ ಸ್ವರ ಅದಕ್ಕೆ ಅರ್ಥವಾಗುವುದಿಲ್ಲ. ಕೊನೆಗೆ ಕೈಯಿಂದಲೇ ಮಾಡಿದೆವು. ಕೊಕ್ಕಿಗೆ ನಾಲ್ಕೇ ಆಕಾರ: ಮುಚ್ಚಿದ್ದು, ಅರ್ಧ, ಪೂರ್ತಿ ತೆರೆದದ್ದು, ಚೂಪಾಗಿದ್ದು. ಪ, ಬ, ಮ ಬಂದಲ್ಲಿ ಮುಚ್ಚಲೇಬೇಕು, ಉಳಿದದ್ದೆಲ್ಲ ಸ್ವರ ನೋಡಿ. ಒತ್ತು ಬಂದರೆ ಮುಚ್ಚಿದ ಕೊಕ್ಕನ್ನು ನಾಲ್ಕು ಫ್ರೇಮ್ ಹಿಡಿಯಬೇಕು. 'ಅಪ್ಪ' ಎನ್ನುವಾಗ ಎರಡೇ ಫ್ರೇಮ್ ಮುಚ್ಚಿದರೆ 'ಅಪ' ಎಂದಂತೆ ಕಾಣುತ್ತದೆ, ಕಿವಿಗೆ ಸರಿಯಾಗಿ ಕೇಳಿದರೂ. ಕೊಕ್ಕು ಸದ್ದಿಗಿಂತ ಎರಡು ಫ್ರೇಮ್ ಮೊದಲೇ ತೆರೆಯಲಿ. ಕನ್ನಡದ ಸಾಲು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಕೊನೆಗೆ ಕೊಕ್ಕು ತೆರೆದೇ ಉಳಿದು ನಿಧಾನ ಮುಚ್ಚುತ್ತದೆ. ಇದನ್ನು ನೆನಪಿಡಿ, ಮುಂದೆ ಇದೇ ಖರ್ಚಿಗೆ ಬಂತು.

ಸಂಭಾಷಣೆಯ ಭಾಗಕ್ಕೂ 96ರ ಜಾಲ ಹಾಸಿದ್ದು ಮಾತ್ರ ಹಿಡಿಸಲಿಲ್ಲ. ಪ್ರತಿ ನಾಲ್ಕು ಸೆಕೆಂಡಿಗೆ ಶಾಟ್ ಬದಲಾದರೆ ನೋಡುವವರಿಗೆ ನಿದ್ದೆ ಬರುತ್ತದೆ. ಅಲ್ಲಿ ಜಾಲ ಹರಿದು ಹಾಕಿ, ಮಾತು ತನ್ನ ಪಾಡಿಗೆ ಹೋಗಲಿ, ದೃಶ್ಯದ ಕೊನೆ ಮಾತ್ರ ಆವರ್ತನದ ಗೆರೆಗೆ ಬಂದು ಸೇರಲಿ ಎಂದು ಮಾಡಿದೆ. ಹಾಡಿನೊಳಗೂ ಎಂಟು ಮಾತ್ರೆಯಿಂದ ಆರಕ್ಕೆ, ಆರರಿಂದ ಎಂಟಕ್ಕೆ ದಾಟುವ ಜಾಗದಲ್ಲಿ ಮೊದಮೊದಲು ಗಾಡಿ ಗುಂಡಿಗೆ ಇಳಿದಂತೆ ಆಗುತ್ತಿತ್ತು. ಅದನ್ನು ಮುಚ್ಚಲು ಒಂದು ಉಪಾಯ ಇದೆ, ಮಾಸ್ತರರೂ ನಾನೂ ಸೇರಿ ಕಂಡುಕೊಂಡದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಚಿತ್ರದ ಎರಡನೇ ಹಾಡನ್ನು ಕಿವಿ ಕೊಟ್ಟು ಕೇಳಿದರೆ ತಾಳ ಗೊತ್ತಿದ್ದವರಿಗೆ ಸಿಕ್ಕೇ ಸಿಗುತ್ತದೆ.

ಅರ್ಧದಲ್ಲಿ ಒಂದೆರಡು ಅಡ್ಡದಾರಿಗಳನ್ನೂ ಹಿಡಿದೆ. ಎಐ ವಿಡಿಯೋ ಮಾಡಿಸಿ ನೋಡು ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ತಿಂಗಳ ಚಂದಾ ಕಟ್ಟಿ ನೋಡಿದೆ. ಹಕ್ಕಿ ಚಂದ ಬಂತು. ಆದರೆ ತಲೆಯ ಎರಡು ಪಟ್ಟೆ ರೆಕ್ಕೆ ಬಡಿಯುವಷ್ಟರಲ್ಲಿ ಮೂರಾಗಿ, ತಿರುಗುವಷ್ಟರಲ್ಲಿ ಮಾಯವಾಗುತ್ತಿತ್ತು. ಪಟ್ಟೆಯಿಂದಲೇ ಹಕ್ಕಿ ಗುರುತಿಸಬೇಕಾದ ಚಿತ್ರದಲ್ಲಿ ಅದು ನಡೆಯುವ ಮಾತಲ್ಲ. ತಾಳಕ್ಕಂತೂ ಕೂರುವುದೇ ಇಲ್ಲ. ಮೋಡಗಳ ಹಿನ್ನೆಲೆಗೆ ಒಂದೆರಡು ಕಡೆ ಉಪಯೋಗವಾಯಿತು, ಅಷ್ಟೇ.

ಇನ್ನೊಂದು ಅಡ್ಡದಾರಿ ಫಲ ಕೊಟ್ಟಿತು. ಅಜ್ಜಿ ಹೆಬ್ಬಾತು ಹಿಮಾಲಯ ದಾಟಿದ ಕಥೆ ಹೇಳುವ ಜೋಗುಳ ಇದೆ. ಅದನ್ನು ತೊಗಲುಗೊಂಬೆಯ ರೀತಿ ಮಾಡಬೇಕೆನಿಸಿತು. 1926ರಲ್ಲೇ ಜರ್ಮನಿಯ ಲೋಟೆ ರೈನಿಗರ್ ಕತ್ತರಿಸಿದ ಕಾಗದದ ನೆರಳುಗಳಲ್ಲಿ ಪೂರ್ಣಾವಧಿಯ ಚಿತ್ರ ಮಾಡಿದ್ದರು. ಹಾಗಿರುವಾಗ ತೊಗಲುಗೊಂಬೆಯ ನಾಡಿನವರಾದ ನಮಗೇನು ಧಾಡಿ? ಗೊಂಬೆ ಮಾಡುವವರೊಬ್ಬರಿಂದ ಅಜ್ಜಿ, ಪರ್ವತ, ಚಂದ್ರ ಮಾಡಿಸಿದೆ. ಮೊದಲು ಸ್ಕ್ಯಾನರಿಗೆ ಹಾಕಿದೆ. ಸ್ಕ್ಯಾನರ್ ಮುಂದಿನಿಂದ ಬೆಳಕು ಬಿಡುತ್ತದಲ್ಲ, ತೊಗಲು ಸತ್ತ ಚರ್ಮದ ಹಾಗೆ ಕಂದು ಬಂತು. ಎಲ್‌ಇಡಿ ಪ್ಯಾನಲ್ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಅದರ ಮೇಲೆ ಗೊಂಬೆ ಇಟ್ಟು, ಮೇಲಿನಿಂದ ಕ್ಯಾಮರಾ ಹಿಡಿದಾಗ ಬಣ್ಣ ಹೊತ್ತಿಕೊಂಡಿತು. ಕೆಂಪು ಕೆಂಪಾಗಿ, ಹಸಿರು ಹಸಿರಾಗಿ, ಚುಚ್ಚಿದ ತೂತುಗಳೆಲ್ಲ ನಕ್ಷತ್ರ. ಕೀಲಿನ ತುಂಡುಗಳನ್ನು ಬೇರೆ ಬೇರೆ ಫೋಟೋ ತೆಗೆದು ಬ್ಲೆಂಡರಿನಲ್ಲಿ ಪ್ಲೇನುಗಳಾಗಿ ಜೋಡಿಸಿದೆ. ಆ ಮೂರು ನಿಮಿಷಕ್ಕೆ ಖರ್ಚು ಇಪ್ಪತ್ತೈದು ಸಾವಿರ. ಅದೇ ದೃಶ್ಯವನ್ನು ಬರೆದಿದ್ದರೆ ನಮ್ಮ ತಂಡದ ಇಬ್ಬರು ಹುಡುಗರ ಎರಡು ತಿಂಗಳ ಸಂಬಳ. ನೋಡಿದವರೆಲ್ಲ ಮೊದಲು ಹೊಗಳುವುದು ಇದನ್ನೇ, ನನ್ನ ಆರು ಚಿತ್ರದ ರೆಕ್ಕೆಯನ್ನಲ್ಲ. ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ರೆಂಡರ್ ವಿಷಯ, ಅಂದರೆ ಕಂಪ್ಯೂಟರ್ ಪ್ರತಿ ಫ್ರೇಮಿನ ಕೊನೆಯ ಚಿತ್ರ ತಯಾರಿಸುವುದು. ಶುರುವಿನಲ್ಲಿ ನೀರನ್ನು ತ್ರೀಡಿ ಮಾಡಿ ಬ್ಲೆಂಡರಿನ ನಿಧಾನದ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ಬಿಟ್ಟಿದ್ದೆ. ಫ್ರೇಮಿಗೆ ಎರಡು ನಿಮಿಷ. ಒಟ್ಟು ಮೂವತ್ತೊಂದೂವರೆ ಸಾವಿರ ಚಿಲ್ಲರೆ ಫ್ರೇಮು, ಅಂದರೆ ಹಗಲುರಾತ್ರಿ ಓಡಿದರೂ ಒಂದೂವರೆ ತಿಂಗಳು. ನಮ್ಮ ಓಣಿಯ ಕರೆಂಟು ಅಷ್ಟು ಹೊತ್ತು ನಿಂತ ದಾಖಲೆ ಇಲ್ಲ. ತ್ರೀಡಿ ನೀರನ್ನು ಕೈಬಿಟ್ಟು, ಎಲ್ಲ ಅದರದೇ ವೇಗದ ಎಂಜಿನ್ ಈವೀಗೆ ತಂದು, ಪಾತ್ರಗಳನ್ನು ಒಂದು ಬಿಟ್ಟು ಒಂದು ಫ್ರೇಮ್ ಮಾತ್ರ ರೆಂಡರ್ ಮಾಡಿದೆ. ಸೆಕೆಂಡ್‌ಹ್ಯಾಂಡ್ 3060 ಗ್ರಾಫಿಕ್ಸ್ ಕಾರ್ಡಿನಲ್ಲಿ ಫ್ರೇಮಿಗೆ ಮೂರ್ನಾಲ್ಕು ಸೆಕೆಂಡ್, ಇಡೀ ಚಿತ್ರ ಒಂದು ದಿನದೊಳಗೆ. ಟೂಸ್‌ನಲ್ಲಿ ಕ್ಯಾಮರಾ ಪ್ಯಾನ್ ಮಾಡಿದರೆ ಹಿನ್ನೆಲೆ ತಡವರಿಸುತ್ತದೆ, ಗೊತ್ತೇ ಇದೆ. ಹಿನ್ನೆಲೆಯನ್ನು ಉದ್ದನೆಯ ಒಂದೇ ಚಿತ್ರವಾಗಿ ತೆಗೆದು, ಪ್ಯಾನನ್ನು ಎಡಿಟ್ ಟೈಮ್‌ಲೈನಿನಲ್ಲಿ ಒನ್ಸ್‌ನಲ್ಲಿ, ಅಂದರೆ ಪ್ರತಿ ಫ್ರೇಮಿಗೂ, ಕೊಟ್ಟೆ. ಹಾರುವ ಹಕ್ಕಿ ನಡುವೆ ನಿಂತೇ ಇರುತ್ತದೆ, ಆಕಾಶ ಓಡುತ್ತದೆ. ನಡೆಯುವ ಶಾಟುಗಳಲ್ಲಿ ಕಾಲು ಜಾರುತ್ತದೆ, ಅಲ್ಲಿ ಹುಲ್ಲು ಬೆಳೆಸಿ ಕಾಲು ಮುಚ್ಚಿದೆ!

ಒಂದು ಎಚ್ಚರಿಕೆ ಮಾತ್ರ ದಪ್ಪಕ್ಷರದಲ್ಲಿ ಬರೆಯಬೇಕು. ಫೈನಲ್ ಜೋಡಣೆಗೆ ಹೊರಗಿನ ಒಬ್ಬ ಎಡಿಟರಿಗೆ ಕೊಟ್ಟಿದ್ದೆವು. ಮೊದಲ ಹಾಡು ಸರಿ ಇತ್ತು, ಕೊನೆಯ ಹಾಡಿನಲ್ಲಿ ಕೊಕ್ಕು ಬೇರೆ, ದನಿ ಬೇರೆ. ಸಂಗೀತದವರನ್ನು ಬೈದೆವು, ಅವರು ನಮ್ಮನ್ನು ಬೈದರು. ಆ ಟೈಮ್‌ಲೈನ್ ಇದ್ದದ್ದು ಸೆಕೆಂಡಿಗೆ 23.976 ಫ್ರೇಮಿನಲ್ಲಿ. ಸಾವಿರಕ್ಕೆ ಒಂದರ ವ್ಯತ್ಯಾಸ, ಇಪ್ಪತ್ತೆರಡು ನಿಮಿಷಕ್ಕೆ ಒಂದೂಕಾಲು ಸೆಕೆಂಡಿಗೂ ಹೆಚ್ಚು. ಆವರ್ತನದ ಲೆಕ್ಕದಲ್ಲಿ ಮಾಡುವವರು ನೇರ 24 ಇಟ್ಟುಕೊಳ್ಳಿ, ಯಾರು ಏನೇ ಹೇಳಲಿ.

ನಮ್ಮ ವಿಧಾನದ ಬೆಲೆ ನಿಜವಾಗಿ ತಿಳಿದದ್ದು ಮಕ್ಕಳಿಗೆ ತೋರಿಸಿದಾಗ. ಒಂದು ಅಂಗನವಾಡಿಯಲ್ಲಿ ಕಚ್ಚಾ ಕಟ್ ಹಾಕಿದೆವು. ಆಗ ಕೊನೆ ಬೇರೆ ಇತ್ತು: ಬಿರುಗಾಳಿ ಗೆದ್ದ ಕೊಂಯ್ಯಾ ಸಾಲಿನ ಮುಂದೆ ಹಾರುತ್ತಾನೆ, ಎಲ್ಲರೂ ಅವನ ಹೆಸರು ಕೂಗುತ್ತಾರೆ. ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದರು. ಒಂದು ಹುಡುಗಿ, ಐದಿರಬಹುದು, ಮೂಗು ಒರೆಸಿಕೊಳ್ಳುತ್ತ ಕೇಳಿದಳು: 'ಸಾವಿ ಎಲ್ಲಿ ಹೋದ್ಳ್ರಿ?'

ನೋಡಿದರೆ ಕೊನೆಯ ಹಾಡಿನಲ್ಲಿ ಸಾವಿ ಇರಲೇ ಇಲ್ಲ. ಪಕ್ಕದ ಹುಡುಗ ಆಗಲೇ ಪರಿಹಾರವನ್ನೂ ಕೊಟ್ಟ: 'ಮುಂದಿಂದು ದಣದೈತಿ, ಹಿಂದ ಬರ್ಲಿ. ಆಕಿ ಹೋಗ್ಲಿ.'

ಬೇರೆ ರೀತಿ ಮಾಡಿದ್ದರೆ ಕೊನೆಯ ಹಾಡನ್ನೇ ಮತ್ತೆ ಕಟ್ಟಬೇಕಿತ್ತು. ನಾವು ಗೋಡೆಯಿಂದ ಹದಿನಾಲ್ಕು ಹಾಳೆ ಕಿತ್ತೆವು. ಒಂಬತ್ತಕ್ಕೆ ಬೇರೆ ಹಾಡುಗಳ ಇಟ್ಟಿಗೆಗಳೇ ಹೊಂದಿದವು, ಐದನ್ನು ಹೊಸದಾಗಿ ಬರೆದೆವು. ಸಂಗೀತದ ಒಂದು ಮಾತ್ರೆಯನ್ನೂ ಮುಟ್ಟಲಿಲ್ಲ. ಈಗ ಕೊನೆಯ ಹಾಡಿನಲ್ಲಿ ಆವರ್ತನಕ್ಕೊಬ್ಬರು ಮುಂದೆ ಬರುತ್ತಾರೆ, ಸಾವಿಯೂ ಬರುತ್ತಾಳೆ, ಕೊಂಯ್ಯಾ ಬಾಲದಲ್ಲಿ ಹಾರುತ್ತ ಹಾಡುತ್ತಾನೆ. ಒಂದು ವಾರದ ಕೆಲಸ. ಬೆಂಗಳೂರಿನ ಗೆಳೆಯ ನಂಬದೇ ಇದ್ದದ್ದು ಇದನ್ನೇ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಇಬ್ಬರು ಹುಡುಗರಿಗೆ ತಲಾ ತಿಂಗಳಿಗೆ ಹದಿನೈದು ಸಾವಿರದಂತೆ ಒಂಬತ್ತು ತಿಂಗಳ ಮೇಲೆ ಸ್ವಲ್ಪ, ಎರಡೂ ಮುಕ್ಕಾಲು ಲಕ್ಷ. ಸಂಗೀತ, ವಾದ್ಯದವರು ಒಂದೂಕಾಲು. ರೆಕಾರ್ಡಿಂಗ್, ಮಿಕ್ಸಿಂಗ್ ನಲವತ್ತು ಸಾವಿರ. ಮೆಷಿನ್ ತೊಂಬತ್ತೈದು, ಯುಪಿಎಸ್ ಬ್ಯಾಟರಿ ಮೂವತ್ತು. ತೊಗಲುಗೊಂಬೆ ಇಪ್ಪತ್ತೈದು. ಉಳಿದದ್ದು ಹಾರ್ಡ್‌ಡಿಸ್ಕು, ಬಸ್ಸು, ಗಿರ್ಮಿಟ್ಟು, ಚಹಾ. ಸಾಫ್ಟ್‌ವೇರಿಗೆ ಹೆಚ್ಚುಕಡಿಮೆ ಸೊನ್ನೆ. ಬ್ಲೆಂಡರ್ ಪುಕ್ಕಟೆ ಸಿಗುತ್ತದೆ, ಅದರಲ್ಲೇನು ಸಿನಿಮಾ ಆಗುತ್ತದೆ ಎನ್ನುತ್ತಿದ್ದವರ ಬಾಯಿ 2025ರ ಮಾರ್ಚಿನಲ್ಲಿ ತಾನಾಗಿ ಮುಚ್ಚಿತು, ಅದರಲ್ಲೇ ಮಾಡಿದ ಲಾಟ್ವಿಯಾದ 'ಫ್ಲೋ' ಆಸ್ಕರ್ ಗೆದ್ದಾಗ. ಅವರ ಬಜೆಟ್ಟೂ ನಮ್ಮದೂ ಒಂದೇ ಓಣಿಯವಲ್ಲ, ಅದು ಬಿಡಿ. ನನ್ನ ಸಂಬಳ ಈ ಲೆಕ್ಕದಲ್ಲಿಲ್ಲ. ಮನೆ ನಡೆದದ್ದು ಮದುವೆ ಇನ್ವಿಟೇಶನ್ ವಿಡಿಯೋಗಳಿಂದ ಮತ್ತು ಹೆಂಡತಿಯ ಸಂಬಳದಿಂದ.

ಯೂಟ್ಯೂಬಿನಿಂದ ಬರುವುದನ್ನು ನಂಬಿ ಯಾರೂ ಇಳಿಯಬೇಡಿ. ಮಕ್ಕಳಿಗಾಗಿ ಮಾಡಿದ್ದು ಎಂದು ಗುರುತು ಹಾಕಿದ ಕೂಡಲೇ ಕಮೆಂಟು ಬಂದ್, ನೋಡುಗರಿಗೆ ತಕ್ಕ ಜಾಹೀರಾತೂ ಬಂದ್. ಐದು ಹಾಡುಗಳನ್ನು ಬಿಡಿಬಿಡಿಯಾಗಿ ಹಾಕಿದ್ದೇವೆ, ತಿಂಗಳಿಗೆ ಕರೆಂಟ್ ಬಿಲ್ ಹೋಗುತ್ತದೆ. ಕೈ ಹಿಡಿದದ್ದು ಶಾಲೆಗಳು. ಪ್ರೊಜೆಕ್ಟರು, ಎರಡು ಸ್ಪೀಕರು, ಕಿಟಕಿಗೆ ಕಟ್ಟಲು ಕಪ್ಪು ಬಟ್ಟೆ ಹೇರಿಕೊಂಡು ತಾಲೂಕು ತಾಲೂಕು ತಿರುಗಿದೆವು. ಮಗುವಿಗೆ ಇಪ್ಪತ್ತು ರೂಪಾಯಿ, ಅಂಗನವಾಡಿಗೆ ಪುಕ್ಕಟೆ. ಆರೇಳು ಸಾವಿರ ಮಕ್ಕಳು ನೋಡಿರಬಹುದು. ಹಾಡುಗಳ ಹಕ್ಕು ಮಾರಿದ್ದು ಸೇರಿ ನಾಲ್ಕು ಲಕ್ಷದ ಹತ್ತಿರ ವಾಪಸ್ ಬಂದಿದೆ. ಬರುವ ಜೂನಿನಲ್ಲಿ ಶಾಲೆ ತೆರೆದ ಮೇಲೆ ಉಳಿದದ್ದೂ ಬರಬೇಕು.

ಈಗ ಡಬ್ಬಿಂಗ್ ಮಾತು ನಡೆದಿದೆ. ತೆಲುಗಿಗೆ ತೊಂದರೆ ಇಲ್ಲ, ಅಲ್ಲಿಯೂ ಸಾಲು ಸ್ವರದಲ್ಲೇ ಮುಗಿಯುತ್ತದೆ, ಮಾತ್ರೆಯ ಗಣವೂ ಹೊಂದುತ್ತದೆ. ಹಿಂದಿಯವರೂ ಕೇಳಿದ್ದಾರೆ. ಅಲ್ಲಿ ಎಷ್ಟೋ ಸಾಲು ವ್ಯಂಜನಕ್ಕೆ ಪಟ್ ಎಂದು ನಿಲ್ಲುತ್ತದೆ, ನಮ್ಮ ಹಕ್ಕಿ ಮಾತ್ರ ಬಾಯಿ ತೆರೆದುಕೊಂಡೇ ಇರುತ್ತದೆ. ಸಾಲಿನ ಕೊನೆಯ ಕೊಕ್ಕನ್ನು ಸುಮಾರು ಇನ್ನೂರು ಕಡೆ ಮತ್ತೆ ಬರೆಯಬೇಕು. ಅದಕ್ಕೆ ನಲವತ್ತು ಸಾವಿರ ಹೇಳಿದ್ದೇನೆ. ಮೂವತ್ತಕ್ಕೆ ಮಾಡಿಕೊಡಿ ಅನ್ನುತ್ತಿದ್ದಾರೆ.